‘ಚೆನ್ನಾಗಿದ್ದೇನಮ್ಮಾ’ ಎಂಬ ಮಾತಿನ ಹಿಂದೆ



ಒಂದು ಮನೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ. ಡಿಸೆಂಬರ್ ತಿಂಗಳ ಒಂದು ಭಾನುವಾರ, ರಾತ್ರಿ ಎಂಟು ಗಂಟೆ. ತಾಯಿ ಅಡುಗೆಮನೆಯ ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕುಳಿತಿದ್ದಾಳೆ. ಕೆನಡಾದ ಟೊರೊಂಟೊ ನಗರದಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ. ಪರದೆಯ ಮೇಲೆ ಮಗನ ಮುಖ ಮೂಡುತ್ತದೆ.

“ತಿಂಡಿ ಆಯ್ತೇನೋ ಮಗಾ?”

“ಆಯ್ತಮ್ಮಾ.”

“ಚಳಿ ತುಂಬಾ ಇದೆಯಾ?”

“ಪರವಾಗಿಲ್ಲ, ಅಭ್ಯಾಸ ಆಗಿದೆ.”

“ಓದು ಹೇಗೆ ನಡೀತಿದೆ?”

“ಚೆನ್ನಾಗಿ ನಡೀತಿದೆ. ಅಪ್ಪ ಎಲ್ಲಿ?”

“ಈಗಷ್ಟೇ ಹೊರಗೆ ಹೋದ್ರು. ನೀನು ಆರೋಗ್ಯ ನೋಡ್ಕೋ.”

“ನಾನು ಚೆನ್ನಾಗಿದ್ದೇನಮ್ಮಾ.”

ಮಾತು ಮುಗಿಯಿತು. ಮಗ ತಿಂಡಿ ತಿಂದಿರಲಿಲ್ಲ. ನಾಲ್ಕು ದಿನದಿಂದ ತರಗತಿಗೂ ಹೋಗಿರಲಿಲ್ಲ. ಹಾಸಿಗೆ ಬಿಟ್ಟು ಏಳುವುದೇ ಅವನಿಗೆ ಬೆಟ್ಟವಾಗಿತ್ತು. ಇತ್ತ ತಂದೆ ಎಲ್ಲಿಗೂ ಹೋಗಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಕೊಳೆತು, ಆಸ್ಪತ್ರೆಯಲ್ಲಿ ಹತ್ತು ದಿನವಿದ್ದು, ಒಳಕೋಣೆಯಲ್ಲಿ ಮಲಗಿದ್ದರು. ಇಬ್ಬರೂ ಸುಳ್ಳು ಹೇಳಿದರು. ಇಬ್ಬರೂ ಪ್ರೀತಿಯಿಂದಲೇ ಹೇಳಿದರು.

ಈ ಮನೆ ಕಲ್ಪನೆಯದು. ಆದರೆ ಮಕ್ಕಳನ್ನು ಹೊರದೇಶಕ್ಕೆ ಓದಲು ಕಳುಹಿಸಿದ ತಂದೆತಾಯಂದಿರು ಈ ಮಾತುಕತೆಯನ್ನು ತಮ್ಮದಲ್ಲ ಎಂದು ಹೇಳುವುದು ಕಷ್ಟ. ಮಕ್ಕಳ ಮನಸ್ಸಿನ ಆರೋಗ್ಯ ಪರದೇಶದಲ್ಲಿ ಏಕೆ ಕುಗ್ಗುತ್ತದೆ, ಅದನ್ನು ಕಾಯಲು ಅವರೂ ನಾವೂ ಏನು ಮಾಡಬಹುದು ಎಂಬುದೇ ಈ ವಾರದ ನಮ್ಮ ಪಾಠ.

ಪೆಟ್ಟಿಗೆಯಲ್ಲಿರುವ ಕಾಣದ ಭಾರ

‘ದೇಶ ಸುತ್ತು, ಕೋಶ ಓದು’ ಎಂದರು ನಮ್ಮ ಹಿರಿಯರು. ಹೊರದೇಶಕ್ಕೆ ಓದಲು ಹೋಗುವವರು ಎರಡನ್ನೂ ಒಟ್ಟಿಗೆ ಮಾಡಹೊರಟವರು. 2023–24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಭಾರತದಿಂದ ಹೋದ 3,31,602 ವಿದ್ಯಾರ್ಥಿಗಳಿದ್ದರು. ಆ ವರ್ಷ ಅಲ್ಲಿಗೆ ಎಲ್ಲರಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ಕಳುಹಿಸಿದ ದೇಶ ನಮ್ಮದೇ. ಕೆನಡಾ, ಬ್ರಿಟನ್, ಆಸ್ಟ್ರೇಲಿಯ, ಜರ್ಮನಿ, ಐರ್ಲೆಂಡ್‌ಗಳಿಗೆ ಹೋದವರು ಬೇರೆ.

ಹಿಂದೆ ಇದು ಸಿರಿವಂತರ ಮನೆಯ ಸಂಗತಿಯಾಗಿತ್ತು. ಈಗ ಶಾಲಾ ಶಿಕ್ಷಕರ, ಬ್ಯಾಂಕ್ ಗುಮಾಸ್ತರ, ಸಣ್ಣ ತೋಟದವರ ಮಕ್ಕಳೂ ವಿಮಾನ ಹತ್ತುತ್ತಾರೆ. ಇದು ಸಂತೋಷದ ವಿಷಯವೇ. ಆದರೆ ಬಹಳ ಮನೆಗಳಲ್ಲಿ ಇದಕ್ಕಾಗಿ ಸಾಲ ಮಾಡಲಾಗಿರುತ್ತದೆ. ಕೆಲವೆಡೆ ಇರುವ ಒಂದು ಮನೆಯ ಪತ್ರವೂ ಬ್ಯಾಂಕಿಗೆ ಹೋಗಿರುತ್ತದೆ. ಮಗಳ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಗಳ ಜೊತೆಗೆ ಆ ಸಾಲವನ್ನೂ ನಾವು ತುಂಬಿರುತ್ತೇವೆ. ‘ನಮ್ಮ ಆಸೆಯೆಲ್ಲ ನಿನ್ನ ಮೇಲೆ’ ಎಂಬ ಮಾತನ್ನು ವಿಮಾನ ನಿಲ್ದಾಣದಲ್ಲಿ ಮೇಲಿಟ್ಟು ಕಳುಹಿಸುತ್ತೇವೆ. ತೂಕದ ಯಂತ್ರಕ್ಕೆ ಕಾಣದ ಈ ಭಾರವನ್ನು ಹೊತ್ತ ಮಗು, ಅಲ್ಲಿ ಎಡವಿದಾಗ ‘ಎಡವಿದೆ’ ಎಂದು ಹೇಗೆ ತಾನೇ ಹೇಳೀತು?

ಊರಿನ ನೆನಪು ಒಂದು ರೋಗವೇ?

ಮನೆ ಬಿಟ್ಟವನ ಸಂಕಟ ಹೊಸದಲ್ಲ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನೆಸ್ ಹೋಫರ್ ಎಂಬಾತ ಇದರ ಮೇಲೆಯೇ ಒಂದು ಪ್ರಬಂಧ ಬರೆದ. ಗ್ರೀಕ್ ಭಾಷೆಯ ‘ಮನೆಗೆ ಮರಳುವುದು’ ಮತ್ತು ‘ನೋವು’ ಎಂಬ ಎರಡು ಪದಗಳನ್ನು ಜೋಡಿಸಿ ‘ನಾಸ್ಟಾಲ್ಜಿಯ’ ಎಂಬ ಹೆಸರನ್ನು ಕೊಟ್ಟವನು ಅವನೇ. ಅವನು ವಿವರಿಸಿದ ರೋಗಿಗಳಲ್ಲಿ ಒಬ್ಬ, ಬರ್ನ್ ಪಟ್ಟಣದಿಂದ ಬಾಸೆಲಿಗೆ ಓದಲು ಬಂದಿದ್ದ ತರುಣ. ದುಃಖ, ಜ್ವರ, ಎದೆಬಡಿತ. ಇನ್ನು ಬದುಕುವುದಿಲ್ಲ ಎಂಬ ಸ್ಥಿತಿ. ಊರಿಗೆ ಕರೆದೊಯ್ಯಲು ಏರ್ಪಾಡಾದೊಡನೆ ಅವನು ಚೇತರಿಸತೊಡಗಿ, ಬರ್ನ್ ತಲುಪುವ ಮೊದಲೇ ಗುಣಮುಖನಾದನಂತೆ. ಅವನು ಬಿಟ್ಟುಬಂದಿದ್ದ ಊರು ಸುಮಾರು ನೂರು ಕಿಲೋಮೀಟರ್ ಆಚೆಗಿತ್ತು, ಅಷ್ಟೇ! ನಮ್ಮ ಮಕ್ಕಳು ಸಾಗರಗಳನ್ನು ದಾಟಿದ್ದಾರೆ.

ಇಂದಿನ ವೈದ್ಯರು ಊರಿನ ನೆನಪನ್ನು ರೋಗವೆಂದು ಕರೆಯುವುದಿಲ್ಲ. ಪ್ರೀತಿಸಿದ್ದನ್ನು ಅಗಲಿದ ಮನಸ್ಸು ಪಡುವ ಸಹಜ ದುಃಖ ಅದು. ಅದರ ಜೊತೆಗೇ ಬರುವ ಇನ್ನೊಂದು ತೊಡಕಿಗೆ ‘ಸಾಂಸ್ಕೃತಿಕ ಆಘಾತ’ ಎನ್ನುತ್ತಾರೆ. ಈ ಮಾತನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್. ಬ್ರೆಜಿಲ್ ದೇಶದಲ್ಲಿ 1954ರಲ್ಲಿ ಅವರು ಇದರ ಮೇಲೆ ಮಾಡಿದ ಭಾಷಣ 1960ರಲ್ಲಿ ಲೇಖನವಾಗಿ ಅಚ್ಚಾಯಿತು. ಯಾರಿಗೆ ಹೇಗೆ ನಮಸ್ಕರಿಸಬೇಕು, ಯಾವಾಗ ನಗಬೇಕು, ಯಾರ ಮಾತನ್ನು ಎಷ್ಟು ನಂಬಬೇಕು ಎಂಬ ನೂರಾರು ಚಿಕ್ಕ ಗುರುತುಗಳ ಆಧಾರದ ಮೇಲೆ ನಾವು ದಿನ ಕಳೆಯುತ್ತೇವೆ. ಅವೆಲ್ಲ ಒಮ್ಮೆಲೇ ಕೈಬಿಟ್ಟುಹೋದಾಗ ಹುಟ್ಟುವ ಕಳವಳವೇ ಈ ಆಘಾತ ಎಂಬುದು ಅವರ ವಿವರಣೆ.

ಇದು ಯಾವಾಗ ಹೆಚ್ಚು? ನಾರ್ವೆಯಿಂದ ಅಮೆರಿಕಕ್ಕೆ ಓದಲು ಹೋಗಿಬಂದ ಸುಮಾರು ಇನ್ನೂರು ಮಂದಿಯನ್ನು ವಿಚಾರಿಸಿ ಸ್ವೆರೆ ಲಿಸ್ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞರು 1955ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಆರು ತಿಂಗಳಿಗಿಂತ ಕಡಿಮೆ ಅಲ್ಲಿದ್ದವರೂ, ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಹೆಚ್ಚು ಚೆನ್ನಾಗಿ ಹೊಂದಿಕೊಂಡಿದ್ದರು. ನಡುವಿನವರೇ ಹೆಚ್ಚು ಸೋತಿದ್ದರು. ಆದರೆ 1998ರಲ್ಲಿ ಕಾಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡಿನಲ್ಲಿದ್ದ ಜಪಾನಿ ವಿದ್ಯಾರ್ಥಿಗಳನ್ನು ಮೊದಲ ದಿನದಿಂದಲೇ ಗಮನಿಸಿದಾಗ ಬೇರೆಯೇ ಕಂಡಿತು: ಕಷ್ಟ ಅತಿ ಹೆಚ್ಚಾಗಿದ್ದುದು ಆರಂಭದಲ್ಲಿಯೇ. ಹಾಗಾದರೆ ನಮಗೆ ಸಿಗುವ ಪಾಠವೇನು? ಎಲ್ಲರಿಗೂ ಒಂದೇ ಕಾಲಪಟ್ಟಿ ಇಲ್ಲ. ‘ಹೊಸದು, ಸಂಭ್ರಮದಲ್ಲಿರುತ್ತಾನೆ’ ಎಂದು ಮೊದಲ ವಾರಗಳನ್ನು ಕಡೆಗಣಿಸಬಾರದು. ‘ಒಂದು ವರ್ಷ ಆಯಿತು, ಇನ್ನೇನು’ ಎಂದು ಅನಂತರವೂ ಕಣ್ಣು ಮುಚ್ಚಬಾರದು.

ಎಲ್ಲೆಲ್ಲಿ ತಾಗುತ್ತದೆ?

ಮೊದಲನೆಯದಾಗಿ, ಮಾತು. ಇಂಗ್ಲಿಷ್ ಚೆನ್ನಾಗಿ ಬಲ್ಲ ಮಗಳೂ ಅಲ್ಲಿ ಪೆಚ್ಚಾಗುತ್ತಾಳೆ. ಎದುರಾದವರು ‘ಹೌ ಆರ್ ಯೂ’ ಎನ್ನುತ್ತಾರೆ. ಇವಳು ನಿಂತು ಉತ್ತರ ಹೇಳುವಷ್ಟರಲ್ಲಿ ಅವರು ಮುಂದೆ ಹೋಗಿರುತ್ತಾರೆ. ‘ಇವರಿಗೆ ಹೃದಯವೇ ಇಲ್ಲ’ ಎಂದು ಅವಳು ನೊಂದುಕೊಳ್ಳುತ್ತಾಳೆ. ಆದರೆ ಯೋಚಿಸಿ ನೋಡಿರಿ. ನಾವು ದಾರಿಯಲ್ಲಿ ಸಿಕ್ಕವರನ್ನು ‘ಊಟ ಆಯ್ತಾ?’ ಎನ್ನುವುದಿಲ್ಲವೇ? ‘ಆಗಿಲ್ಲ’ ಎಂದು ಅವರು ನಿಂತರೆ ನಾವೂ ತಡವರಿಸುವುದಿಲ್ಲವೇ? ಎರಡೂ ನಮಸ್ಕಾರಗಳೇ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ನೋವು ಉಳಿಯುತ್ತಿತ್ತು.

ಎರಡನೆಯದಾಗಿ, ತರಗತಿ. ನಮ್ಮಲ್ಲಿ ಗುರುಗಳ ಮುಂದೆ ಸುಮ್ಮನಿರುವುದು ಗೌರವ. ಅಲ್ಲಿ ಪ್ರಾಧ್ಯಾಪಕರನ್ನು ಹೆಸರಿಡಿದು ಕರೆಯುವುದೂ ಉಂಟು. ಅವರ ಮಾತನ್ನು ಪ್ರಶ್ನಿಸುವುದು ಓದಿನ ಭಾಗ. ಸುಮ್ಮನೆ ಕುಳಿತವನು ತಯಾರಾಗಿ ಬಂದಿಲ್ಲವೆಂದು ಎಣಿಸಲಾಗುತ್ತದೆ. ಪುಸ್ತಕದ ಸಾಲುಗಳನ್ನು ಹಾಗೆಯೇ ಬರೆದರೆ ಇಲ್ಲಿ ಅಂಕ ಸಿಕ್ಕೀತು, ಅಲ್ಲಿ ಅದು ಕಳ್ಳತನ. ಊರಿನ ಕಾಲೇಜಿಗೆ ಮೊದಲಿಗನಾಗಿದ್ದವನು ಅಲ್ಲಿ ಮೊದಲ ಪ್ರಬಂಧಕ್ಕೆ ಕಡಿಮೆ ಅಂಕ ಪಡೆದಾಗ, ಬೇರೆ ಪದ್ಧತಿ ಎಂದು ತಿಳಿಯದೆ, ತನ್ನ ಬುದ್ಧಿಯೇ ಕುಂದಿತೆಂದು ಕೊರಗುತ್ತಾನೆ.

ಮೂರನೆಯದಾಗಿ, ದುಡ್ಡು ಮತ್ತು ದುಡಿಮೆ. ಜರ್ಮನಿ 2024ರ ಸೆಪ್ಟೆಂಬರಿನಿಂದ ವಿದ್ಯಾರ್ಥಿಯೊಬ್ಬನ ಒಂದು ವರ್ಷದ ಖರ್ಚಿಗೆ 11,904 ಯೂರೋ, ಅಂದರೆ ತಿಂಗಳಿಗೆ 992 ಯೂರೋ, ಮುಂಗಡವಾಗಿ ಖಾತೆಯಲ್ಲಿಡಬೇಕೆಂದು ನಿಗದಿಮಾಡಿತು. ಕೆನಡಾ ಇಂಥ ಮೊತ್ತವನ್ನು 2024ರ ಜನವರಿಯಲ್ಲಿ 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು. ಬದುಕಲು ಇಷ್ಟು ಬೇಕೆಂದು ಆ ಸರಕಾರಗಳೇ ಹೇಳುತ್ತಿವೆ. ತೋರಿಸುವುದಕ್ಕೆಂದು ಹೇಗೋ ಹಣ ಹೊಂದಿಸಿ, ಬಳಿಕ ‘ಅಲ್ಲಿ ದುಡಿದುಕೊಳ್ಳುತ್ತಾನೆ’ ಎಂದು ಕಳುಹಿಸಿದರೆ, ಆ ಮಗು ಬಾಡಿಗೆ ಕೊಡುವುದೋ ಊಟ ಮಾಡುವುದೋ ಎಂಬ ಲೆಕ್ಕದಲ್ಲೇ ಸವೆಯುತ್ತದೆ. ದುಡಿಯುವುದಕ್ಕೂ ಮಿತಿಯಿದೆ: ಬ್ರಿಟನ್ನಿನಲ್ಲಿ ಪದವಿ ಓದುವವರಿಗೆ ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆ, ಕೆನಡಾದಲ್ಲಿ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆ ಎಂದು 2024ರ ನವೆಂಬರಿನಲ್ಲಿ ಗೊತ್ತುಪಡಿಸಲಾಯಿತು. ಮಿತಿ ಮೀರಿದರೆ ವೀಸಾಕ್ಕೇ ಕುತ್ತು.

ಮನೆಯಲ್ಲಿ ಲೋಟ ತೊಳೆಯದವನು ಅಲ್ಲಿ ಹೋಟೆಲಿನ ಪಾತ್ರೆ ತೊಳೆಯುತ್ತಾನೆ. ಅದರಲ್ಲಿ ಅವಮಾನವಿಲ್ಲ, ‘ಕೈ ಕೆಸರಾದರೆ ಬಾಯಿ ಮೊಸರು’ ಅಲ್ಲವೇ? ಆದರೆ ಊರಿನಲ್ಲಿ ನಾವು ಅದನ್ನು ಮುಚ್ಚಿಟ್ಟು ‘ಮಗ ಫಾರಿನ್‌ನಲ್ಲಿದ್ದಾನೆ’ ಎಂದಷ್ಟೇ ಹೇಳುತ್ತಾ ಬಂದರೆ, ತನ್ನ ದುಡಿಮೆ ಮನೆಯವರಿಗೆ ನಾಚಿಕೆಯ ವಿಷಯವೆಂದು ಅವನು ತಿಳಿಯುತ್ತಾನೆ.

ನಾಲ್ಕನೆಯದಾಗಿ, ಬೆಳಕು. ಇದನ್ನು ನಾವು ಎಣಿಸುವುದೇ ಇಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚು. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮನೋವೈದ್ಯ ನಾರ್ಮನ್ ರೋಸೆಂತಾಲ್ 1976ರಲ್ಲಿ ಬಿಸಿಲಿನ ದಕ್ಷಿಣ ಆಫ್ರಿಕದಿಂದ ಅಮೆರಿಕಕ್ಕೆ ಬಂದಾಗ, ಚಳಿಗಾಲದಲ್ಲಿ ತಮ್ಮ ಉತ್ಸಾಹವೇ ಇಳಿದುಹೋಗುವುದನ್ನು ಕಂಡರು. ಮುಂದೆ 1984ರಲ್ಲಿ ಅವರೂ ಸಂಗಡಿಗರೂ ಚಳಿಗಾಲದಲ್ಲಿ ಮರುಕಳಿಸುವ ಖಿನ್ನತೆಯನ್ನು ವೈದ್ಯಲೋಕಕ್ಕೆ ವಿವರಿಸಿದರು. ಮಗ ‘ಸದಾ ನಿದ್ದೆ ಬರುತ್ತೆ, ಏನೂ ಬೇಡ ಅನಿಸುತ್ತೆ’ ಎಂದರೆ ಅದು ಸೋಮಾರಿತನವೇ ಆಗಿರಬೇಕಿಲ್ಲ.

ಲಂಡನ್ನಿನಲ್ಲಿ ಅತ್ತ ಹದಿನೆಂಟರ ಹುಡುಗ

1888ರ ಸೆಪ್ಟೆಂಬರಿನಲ್ಲಿ ಕಾಠಿಯಾವಾಡದ ಹುಡುಗನೊಬ್ಬ ಬ್ಯಾರಿಸ್ಟರ್ ಪದವಿಗಾಗಿ ಮುಂಬಯಿಯಿಂದ ಹಡಗು ಹತ್ತಿದ. ಮದ್ಯ, ಮಾಂಸ ಮುಟ್ಟುವುದಿಲ್ಲವೆಂದು ತಾಯಿಯ ಮುಂದೆ ಪ್ರತಿಜ್ಞೆ ಮಾಡಿದ್ದ. ಲಂಡನ್ನಿನಲ್ಲಿ ಅವನಿಗೆ ಎಲ್ಲವೂ ಅಪರಿಚಿತ. ರಾತ್ರಿಯಾದರೆ ತಾಯಿಯ, ಮನೆಯ ನೆನಪಾಗಿ ಕಣ್ಣೀರು. ನಿದ್ದೆಯಿಲ್ಲ. ಹೇಳಿಕೊಳ್ಳೋಣವೆಂದರೆ ಯಾರೂ ಇಲ್ಲ. ಆ ಹುಡುಗ ಮೋಹನದಾಸ ಗಾಂಧಿ. ಮುಂದೆ ತಮ್ಮ ಆತ್ಮಕಥೆಯಲ್ಲಿ ಅವರು ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದರು.

ಆತ ಮೊದಲು ಹಸಿದು ಸೊರಗಿದ. ಬಳಿಕ ಪೂರ್ತಿ ಆಂಗ್ಲ ಮಹನೀಯನಾಗಿಬಿಡುತ್ತೇನೆಂದು ಹೊರಟ: ದುಬಾರಿ ಉಡುಪು, ಎತ್ತರದ ಟೋಪಿ, ಮೂರು ಪೌಂಡ್ ಕೊಟ್ಟು ನೃತ್ಯದ ಪಾಠ, ಇನ್ನು ಮೂರು ಪೌಂಡಿಗೆ ಪಿಟೀಲು. ಕೆಲವು ತಿಂಗಳಲ್ಲಿ ಈ ಮಂಕು ಹರಿಯಿತು. ಪಿಟೀಲನ್ನು ಮಾರಲು ಕೊಟ್ಟು, ಕಾಸುಕಾಸಿಗೂ ಲೆಕ್ಕ ಬರೆದು, ಒಂದೇ ಕೋಣೆಯಲ್ಲಿ ಗಂಜಿ ಬೇಯಿಸಿಕೊಂಡು ಓದತೊಡಗಿದ. ಅಷ್ಟರಲ್ಲೇ ನಡೆದೂ ನಡೆದೂ ಫ್ಯಾರಿಂಗ್ಡನ್ ರಸ್ತೆಯಲ್ಲಿ ಒಂದು ಸಸ್ಯಾಹಾರಿ ಊಟದ ಮನೆಯನ್ನು ಕಂಡುಹಿಡಿದಿದ್ದ. ಆ ಊಟದಿಂದ ಹೊಟ್ಟೆ ತುಂಬಿದ್ದಷ್ಟೇ ಅಲ್ಲ, ಅದರ ಮೂಲಕ ಸಸ್ಯಾಹಾರಿ ಆಂಗ್ಲರ ಪರಿಚಯವಾಯಿತು. ಅವರ ಸಂಘದ ಕಾರ್ಯಕಾರಿ ಸಮಿತಿಗೂ ಸೇರಿದ. ತಾಯಿಗೆ ಕೊಟ್ಟ ಮಾತೇ ಪರಕೀಯರ ನಡುವೆ ಗೆಳೆಯರನ್ನು ದೊರಕಿಸಿಕೊಟ್ಟಿತು.

ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರಿ ಅವರು ಪರಸಂಸ್ಕೃತಿಯ ನಡುವೆ ಬಾಳುವವರಿಗೆ ನಾಲ್ಕು ದಾರಿಗಳಿವೆ ಎನ್ನುತ್ತಾರೆ. ತನ್ನದನ್ನೆಲ್ಲ ಬಿಟ್ಟು ಅವರಂತೆಯೇ ಆಗುವುದು ಒಂದು. ಅವರ ಸಹವಾಸವೇ ಬೇಡವೆಂದು ತನ್ನವರೊಳಗೇ ಬಾಗಿಲು ಹಾಕಿಕೊಳ್ಳುವುದು ಎರಡು. ಎರಡೂ ಕಡೆಗೆ ಸಲ್ಲದೆ ಒಂಟಿಯಾಗುವುದು ಮೂರು. ಹೆಚ್ಚು ಅಪಾಯದ್ದು ಇದೇ. ತನ್ನದನ್ನು ಉಳಿಸಿಕೊಂಡೇ ಅವರೊಡನೆ ಬೆರೆಯುವುದು ನಾಲ್ಕನೆಯದು. ಸಾಮಾನ್ಯವಾಗಿ ಮನಸ್ಸಿಗೆ ಹೆಚ್ಚು ಹಿತವಾದದ್ದು ಇದು ಎಂದು ಅವರ ಅಧ್ಯಯನಗಳು ತೋರಿಸಿವೆ. ಗಾಂಧಿಯವರು ಪಿಟೀಲಿನ ದಾರಿಯಿಂದ ಊಟದ ಮನೆಯ ದಾರಿಗೆ ಬಂದರು.

ನಮ್ಮವರಲ್ಲೂ ಉದಾಹರಣೆಯಿದೆ. ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗಲೇ, ಮಲೆನಾಡಿನ ಅಗ್ರಹಾರದ ಕತೆಯಾದ ‘ಸಂಸ್ಕಾರ’ವನ್ನು ಬರೆದರು, 1965ರಲ್ಲಿ ಅದು ಪ್ರಕಟವಾಯಿತು. ಹಗಲು ಇಂಗ್ಲಿಷಿನಲ್ಲಿ ಓದು, ಮನದೊಳಗೆ ಕನ್ನಡದ ಊರು: ಎರಡಕ್ಕೂ ಒಂದೇ ಬದುಕಿನಲ್ಲಿ ಜಾಗವಿತ್ತು.

ಮುಚ್ಚಿಟ್ಟ ಸುದ್ದಿ

ಗಾಂಧಿಯವರ ಕತೆಯ ಕೊನೆ ನಮ್ಮ ಪಾಠದ ಹೃದಯ. 1891ರಲ್ಲಿ ಓದು ಮುಗಿಸಿ ಮುಂಬಯಿ ಬಂದರಿನಲ್ಲಿ ಇಳಿದಾಗ ಅವರಿಗೆ ತಾಯಿಯನ್ನು ಕಾಣುವ ತವಕ. ಎದುರುಗೊಳ್ಳಲು ಬಂದ ಅಣ್ಣನಿಂದ ತಿಳಿದದ್ದು, ತಾಯಿ ತೀರಿಕೊಂಡಿದ್ದಾರೆ ಎಂದು. ಅದೂ ಮಗ ಇನ್ನೂ ಇಂಗ್ಲೆಂಡಿನಲ್ಲಿದ್ದಾಗಲೇ. ಪರದೇಶದಲ್ಲಿ ಒಂಟಿಯಾಗಿ ಈ ಪೆಟ್ಟು ತಿನ್ನಬಾರದೆಂದು ಮನೆಯವರು ತಿಳಿಸಿರಲಿಲ್ಲ. ತಂದೆಯ ಸಾವಿಗಿಂತಲೂ ಈ ದುಃಖ ದೊಡ್ಡದಾಗಿತ್ತೆಂದು ಅವರೇ ಬರೆದಿದ್ದಾರೆ.

ಕಾಗದವೊಂದು ವಾರಗಟ್ಟಲೆ ಹಡಗಿನಲ್ಲಿ ಸಾಗುತ್ತಿದ್ದ ಕಾಲ ಅದು. ಅಣ್ಣನ ಪ್ರೀತಿಯನ್ನು ನಾವು ಸಂಶಯಿಸಬೇಕಾಗಿಲ್ಲ. ಆದರೆ ಕ್ಷಣದಲ್ಲಿ ಮುಖ ನೋಡಿ ಮಾತನಾಡಬಹುದಾದ ಇಂದೂ ನಾವು ಅದನ್ನೇ ಮಾಡುತ್ತಿದ್ದೇವೆ. ‘ಅವಳಿಗೆ ಪರೀಕ್ಷೆ ಇದೆ, ಅಜ್ಜಿಯ ವಿಷಯ ಹೇಳಬೇಡಿ’ ಎನ್ನುತ್ತೇವೆ. ಮಕ್ಕಳು ದಡ್ಡರಲ್ಲ. ಅಪ್ಪ ಮೂರು ಭಾನುವಾರ ಪರದೆಗೆ ಬಾರದಿದ್ದರೆ ಅವರಿಗೆ ತಿಳಿಯುತ್ತದೆ. ತಿಳಿಯದ ಉಳಿದದ್ದನ್ನು ಭಯ ತುಂಬಿಕೊಳ್ಳುತ್ತದೆ. ಇನ್ನೊಂದು ಪಾಠವನ್ನೂ ಅವರು ಕಲಿಯುತ್ತಾರೆ: ‘ನಮ್ಮ ಮನೆಯಲ್ಲಿ ಕಷ್ಟವನ್ನು ಹೇಳಿಕೊಳ್ಳುವ ರೂಢಿಯಿಲ್ಲ.’ ಆಮೇಲೆ ತಮ್ಮ ಕಷ್ಟವನ್ನೂ ಹೇಳುವುದಿಲ್ಲ. ನಾವು ಕಲಿಸಿದ್ದನ್ನೇ ಅವರು ನಮಗೆ ಒಪ್ಪಿಸುತ್ತಾರೆ.

ತಂದೆತಾಯಂದಿರೇ, ಗಮನಿಸಿರಿ

1. ಕಳುಹಿಸುವ ಮುನ್ನ ಸಾಲದ ಲೆಕ್ಕವನ್ನು ಮಗುವಿನೊಡನೆ ಒಮ್ಮೆ ಕುಳಿತು ಮಾತನಾಡಿರಿ. ಆಮೇಲೆ ಪ್ರತಿ ಕರೆಯಲ್ಲೂ ಅದನ್ನು ನೆನಪಿಸಬೇಡಿರಿ.

2. ‘ಚೆನ್ನಾಗಿದ್ದೀಯಾ?’ ಎಂದು ಕೇಳಿದರೆ ‘ಚೆನ್ನಾಗಿದ್ದೇನೆ’ ಎಂಬ ಉತ್ತರವೇ ಬರುತ್ತದೆ. ‘ನಿನ್ನೆ ಯಾರ ಜೊತೆ ಊಟ ಮಾಡಿದೆ?’, ‘ಈ ವಾರ ಯಾವುದು ಕಷ್ಟವಾಯಿತು?’ ಎಂದು ಕೇಳಿರಿ. ಉತ್ತರ ಬಂದಾಗ ಉಪದೇಶ ಮಾಡದೆ ಕೇಳಿಸಿಕೊಳ್ಳಿರಿ. ‘ಎಷ್ಟು ಖರ್ಚು ಮಾಡಿದ್ದೇವೆ, ನಿನಗೇನು ಕಡಿಮೆ?’ ಎಂದು ಒಮ್ಮೆ ಅಂದರೆ ಸಾಕು, ಆ ಬಾಯಿ ಮತ್ತೆ ತೆರೆಯುವುದಿಲ್ಲ.

3. ಮನೆಯ ಕಾಯಿಲೆ, ಸಾವು, ನಷ್ಟಗಳನ್ನು ನಿಜವಾಗಿ, ಮೃದುವಾಗಿ ತಿಳಿಸಿರಿ. ಸಾಧ್ಯವಾದರೆ, ಅವನ ಪಕ್ಕದಲ್ಲಿ ಒಬ್ಬ ಗೆಳೆಯ ಇರುವ ಹೊತ್ತು ನೋಡಿ ಹೇಳಿರಿ.

4. ವಿಶ್ವವಿದ್ಯಾನಿಲಯವೇ ನಿಮಗೆ ಎಲ್ಲ ತಿಳಿಸುತ್ತದೆಂದು ನಂಬಿ ಕೂರಬೇಡಿರಿ. ಅಮೆರಿಕದಲ್ಲಿ 1974ರ ಕಾನೂನೊಂದರ ಪ್ರಕಾರ ಕಾಲೇಜು ವಿದ್ಯಾರ್ಥಿಯ ಅಂಕ, ಹಾಜರಿಯಂಥ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದೇ; ಸಾಮಾನ್ಯವಾಗಿ ಅವನ ಒಪ್ಪಿಗೆಯಿಲ್ಲದೆ ಹೆತ್ತವರಿಗೂ ಕೊಡುವುದಿಲ್ಲ. ಪ್ರಾಣಾಪಾಯದಂಥ ತುರ್ತಿಗೆ ವಿನಾಯಿತಿಯಿದೆ. ಆದುದರಿಂದ ಮಗುವಿನ ಬಾಯಿಂದಲೇ ತಿಳಿಯುವಂಥ ನಂಬಿಕೆಯನ್ನು ಬೆಳೆಸಬೇಕು. ಅವನ ಒಬ್ಬಿಬ್ಬರು ಗೆಳೆಯರ ಫೋನ್ ಸಂಖ್ಯೆಯನ್ನು, ಅವನಿಗೆ ತಿಳಿದೇ, ಪಡೆದಿಟ್ಟುಕೊಳ್ಳಿರಿ.

5. ‘ಆಗದಿದ್ದರೆ ಹಿಂದಿರುಗಿ ಬಾ, ಈ ಮನೆಯ ಬಾಗಿಲು ನಿನಗೆ ಮುಚ್ಚುವುದಿಲ್ಲ’ ಎಂಬ ಮಾತನ್ನು ಹೊರಡುವ ದಿನವೇ ಹೇಳಿರಿ. ಈ ಮಾತಿನಿಂದ ಮಕ್ಕಳು ಓದು ಬಿಟ್ಟು ಓಡಿಬರುತ್ತಾರೆಂಬ ಹೆದರಿಕೆ ಬೇಡ. ಹಿಂದೆ ಬಾಗಿಲು ತೆರೆದಿದೆ ಎಂದು ತಿಳಿದವನಿಗೆ ಮುಂದೆ ನಡೆಯಲು ಧೈರ್ಯ ಹೆಚ್ಚು.

ಪ್ರಿಯ ವಿದ್ಯಾರ್ಥಿಗಳೇ, ನಿಮಗೂ ಒಂದೆರಡು ಮಾತು

1. ಹೊರಡುವ ಮೊದಲು ಅನ್ನ, ಸಾರು, ಒಂದು ಪಲ್ಯ ಮಾಡುವುದನ್ನು ಕಲಿಯಿರಿ. ಪರದೇಶದ ಕೋಣೆಯಲ್ಲಿ ಒಗ್ಗರಣೆಯ ವಾಸನೆ ಎದ್ದಾಗ ಮನಸ್ಸು ಎಷ್ಟು ಹಗುರಾಗುತ್ತದೆಂದು ಆಗ ತಿಳಿಯುವಿರಿ. ಒಬ್ಬರೇ ಉಣ್ಣಬೇಡಿರಿ, ಪಕ್ಕದ ಕೋಣೆಯವರನ್ನೂ ಕರೆಯಿರಿ.

2. ಚಳಿಗಾಲದಲ್ಲಿ ಹಗಲು ಇರುವಷ್ಟು ಹೊತ್ತಿನಲ್ಲಿ ಅರ್ಧ ಗಂಟೆಯಾದರೂ ಹೊರಗೆ ನಡೆಯಿರಿ. ರಾತ್ರಿಯಿಡೀ ಊರಿನವರೊಡನೆ ಫೋನಿನಲ್ಲಿ ಕಳೆದು ಹಗಲಿಡೀ ಮಲಗಿದರೆ, ದೇಹ ಎರಡೂ ದೇಶಗಳಿಗೆ ಸೇರದೆ ಉಳಿಯುತ್ತದೆ.

3. ಒಬ್ಬ ಕನ್ನಡದ ಗೆಳೆಯ, ಒಬ್ಬ ಆ ದೇಶದ ಗೆಳೆಯ, ಇಬ್ಬರೂ ಬೇಕು. ಅಮೆರಿಕದ ಹಲವು ನಗರಗಳಲ್ಲಿ ಕನ್ನಡ ಕೂಟಗಳಿವೆ. ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಕಾರ್ಡಿನಲ್ ನ್ಯೂಮನ್ನರ ಹೆಸರಿನ ಕಥೋಲಿಕ ವಿದ್ಯಾರ್ಥಿ ಕೇಂದ್ರಗಳು 1893ರಿಂದ ಬೆಳೆದುಬಂದಿವೆ. ಭಾನುವಾರದ ಪೂಜೆಯ ಬಳಿಕ ಒಂದು ಲೋಟ ಕಾಫಿಯ ಜೊತೆ ಹೆಸರು ಕೇಳುವವರು ಅಲ್ಲಿ ಸಿಗುತ್ತಾರೆ. ಕೆನಡಾ, ಬ್ರಿಟನ್ನುಗಳ ಗುರುದ್ವಾರಗಳಲ್ಲಿ ಯಾವ ಧರ್ಮದವರಿಗೂ ಪಂಕ್ತಿಯಲ್ಲಿ ಊಟವಿದೆ. ಸಂಕೋಚ ಬೇಡ.

4. ಕಾಲೇಜಿನಲ್ಲಿ ಆಪ್ತಸಮಾಲೋಚಕರು ಇರುತ್ತಾರೆ. ಅವರ ಬಳಿ ಹೋದರೆ ‘ಹುಚ್ಚು’ ಎಂಬ ಹಣೆಪಟ್ಟಿ ಬೀಳುತ್ತದೆ, ವೀಸಾ ಹೋಗುತ್ತದೆ ಎಂಬ ಮಾತುಗಳಿಗೆ ಕಿವಿಗೊಡಬೇಡಿರಿ. ನಿಮ್ಮ ಮಾತನ್ನು ಗುಟ್ಟಾಗಿಡುವುದು ಅವರ ವೃತ್ತಿಧರ್ಮ. ಪ್ರಾಣಕ್ಕೆ ಅಪಾಯವೆಂದು ಕಾಣುವಂಥ ಸಂದರ್ಭಗಳಲ್ಲಿ ಮಾತ್ರ ಬೇರೆಯವರ ನೆರವು ಪಡೆಯುತ್ತಾರೆ. ಬ್ರಿಟನ್ನಿಗೆ ಹೋಗುವವರು ವೀಸಾದ ಜೊತೆಗೇ ಆರೋಗ್ಯ ಶುಲ್ಕವನ್ನು ಕಟ್ಟಿರುತ್ತೀರಿ. ಮೊದಲ ವಾರದಲ್ಲೇ ಹತ್ತಿರದ ವೈದ್ಯರಲ್ಲಿ ಹೆಸರು ನೋಂದಾಯಿಸಿಕೊಳ್ಳಿರಿ.

5. ಊರಿನ ನೆನಪು ಬಂದು ಹೋಗುತ್ತದೆ. ನಡುನಡುವೆ ನಗುವೂ ಇರುತ್ತದೆ. ಆದರೆ ಎರಡು ವಾರ ಕಳೆದರೂ ಏನೂ ಬೇಡವೆನಿಸಿದರೆ, ನಿದ್ದೆ ಊಟ ಕೆಟ್ಟರೆ, ತರಗತಿಗೆ ಹೋಗಲಾಗದಿದ್ದರೆ, ಬದುಕೇ ಸಾಕೆನಿಸಿದರೆ, ಅದು ಖಿನ್ನತೆಯಿರಬಹುದು. ಜ್ವರಕ್ಕೆ ಔಷಧಿ ಇರುವಂತೆ ಇದಕ್ಕೂ ಚಿಕಿತ್ಸೆಯಿದೆ. ಆ ಹೊತ್ತಿಗೆ ಒಂಟಿಯಾಗಿರಬೇಡಿರಿ. ಅಮೆರಿಕ ಮತ್ತು ಕೆನಡಾದಲ್ಲಿ 988, ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 116 123, ಆಸ್ಟ್ರೇಲಿಯದಲ್ಲಿ 13 11 14, ಜರ್ಮನಿಯಲ್ಲಿ 0800 111 0 111: ಈ ಸಂಖ್ಯೆಗಳಲ್ಲಿ ಹಗಲಿರುಳು ಕೇಳಿಸಿಕೊಳ್ಳುವವರಿದ್ದಾರೆ. ಊರಿನಲ್ಲಿರುವ ಹೆತ್ತವರು ತಮ್ಮ ಕಳವಳವನ್ನು ಕನ್ನಡದಲ್ಲೇ ಹೇಳಿಕೊಳ್ಳಲು, ಭಾರತ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಂಖ್ಯೆ 14416 ಇದೆ. ಇವನ್ನು ಫೋನಿನಲ್ಲಷ್ಟೇ ಅಲ್ಲ, ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿರಿ.

ಮರಳಿ ಬಂದವರು

ಒಂದು ಮಾತು ಉಳಿಯಿತು. ಓದು ಮುಗಿಸಿ ಬಂದವರಿಗೂ ಹೊಂದಿಕೊಳ್ಳುವ ಕಷ್ಟವಿದೆ ಎಂದು ಗುಲ್ಲಾಹಾರ್ನ್ ದಂಪತಿಗಳು 1963ರಲ್ಲೇ ಬರೆದರು. ಊರು ಬದಲಾಗಿರುತ್ತದೆ, ಬಂದವಳೂ ಬದಲಾಗಿರುತ್ತಾಳೆ. ‘ಫಾರಿನ್‌ಗೆ ಹೋಗಿ ಬಂದ ಮೇಲೆ ಇವಳಿಗೆ ಕೊಬ್ಬು’ ಎನ್ನುವ ಮುನ್ನ ಅವಳಿಗೆ ಕೆಲವು ತಿಂಗಳ ಸಮಯ ಕೊಡಿರಿ. ಕೆಲಸ ಸಿಗದೆ ಬಂದವನನ್ನು, ಓದು ಅರ್ಧಕ್ಕೆ ನಿಲ್ಲಿಸಿ ಬಂದವನನ್ನು ಮದುವೆಮನೆಗಳಲ್ಲಿ ಅಡ್ಡಪ್ರಶ್ನೆಗಳಿಂದ ಚುಚ್ಚಬೇಡಿರಿ. ಅವನು ಜೀವಂತವಾಗಿ ಮನೆಗೆ ಬಂದಿದ್ದಾನೆ. ಅದಕ್ಕಿಂತ ದೊಡ್ಡ ಪದವಿ ಯಾವುದಿದೆ?

ಮುಂದಿನ ಭಾನುವಾರ

ನಾವು ಮೊದಲು ಕಂಡ ಮನೆಗೆ ಮತ್ತೊಮ್ಮೆ ಹೋಗೋಣ. ಅದೇ ಹೊತ್ತು, ಅದೇ ಸಕ್ಕರೆ ಡಬ್ಬಿ. ಈ ಸಲ ತಾಯಿ ಮೊದಲು ತಾನೇ ಹೇಳುತ್ತಾಳೆ: “ಮಗಾ, ಅಪ್ಪನಿಗೆ ಹುಷಾರಿಲ್ಲ. ಹತ್ತು ದಿನ ಆಸ್ಪತ್ರೆಯಲ್ಲಿದ್ರು. ಈಗ ಗಾಯ ಒಣಗ್ತಿದೆ. ನಿನಗೆ ಹೇಳದೆ ನಾನು ತಪ್ಪು ಮಾಡಿದೆ.” ಫೋನನ್ನು ಒಳಕೋಣೆಗೆ ಒಯ್ಯುತ್ತಾಳೆ. ಮಗ ತಂದೆಯ ಮುಖವನ್ನು ನೋಡುತ್ತಾನೆ. ಸ್ವಲ್ಪ ಹೊತ್ತು ಯಾರೂ ಮಾತನಾಡುವುದಿಲ್ಲ. ಆಮೇಲೆ ಅವನು ಮೆಲ್ಲನೆ ಹೇಳುತ್ತಾನೆ: “ಅಪ್ಪಾ, ನಾನೂ ಚೆನ್ನಾಗಿಲ್ಲ.”

ಆ ಮಾತನ್ನು ಕೇಳಿ ಹೆದರಬೇಡಿರಿ. ಗುಣವಾಗುವ ದಾರಿ ಆರಂಭವಾಗುವುದು ಅಲ್ಲಿಂದಲೇ.

ಮನೆಮಂದಿ ಕೂಡಿ ಚರ್ಚಿಸಲು

1. ದೂರದಲ್ಲಿರುವ ನಮ್ಮ ಮಗ ಅಥವಾ ಮಗಳಿಂದ ನಾವು ಮುಚ್ಚಿಟ್ಟಿರುವ ಸಂಗತಿ ಯಾವುದಾದರೂ ಇದೆಯೇ? ಅದನ್ನು ಯಾರು, ಹೇಗೆ ತಿಳಿಸಬೇಕು?

2. ನಮ್ಮ ಮನೆಯಲ್ಲಿ ‘ಸೋತೆ’ ಎಂದು ಹೇಳಿದವರಿಗೆ ನಾವು ಕೊಡುವ ಮೊದಲ ಉತ್ತರ ಏನಾಗಿರುತ್ತದೆ?

3. ನಮ್ಮ ಬೀದಿಯಲ್ಲಿ, ಕಾಲೇಜಿನಲ್ಲಿ ಈಶಾನ್ಯ ರಾಜ್ಯಗಳಿಂದಲೋ ಆಫ್ರಿಕದಿಂದಲೋ ಓದಲು ಬಂದು ಒಂಟಿಯಾಗಿರುವವರಿದ್ದಾರೆಯೇ? ನಮ್ಮ ಮಗುವಿಗೆ ಅಲ್ಲಿ ಯಾರಾದರೂ ಒಂದು ತುತ್ತು ಕೊಡಲಿ ಎಂದು ಬಯಸುವ ನಾವು, ಈ ಭಾನುವಾರ ಅವರಲ್ಲಿ ಒಬ್ಬರನ್ನು ಊಟಕ್ಕೆ ಕರೆಯಬಹುದೇ?